ಹೊಲದ ನಡುವೆ ಆಫೀಸು: ಬಂಗ್ಲೆಯೋ, ವಾಡೆಯೋ, ಗಲ್ಲಿಯೋ?

ಒಂದು ಕಂಪನಿಯವರು ಬೆಳಗಾವಿಯ ಟಿಳಕವಾಡಿಯಲ್ಲಿರುವ, ಕಟ್ಟಡ ವಿನ್ಯಾಸ ಮಾಡುವ ನಮ್ಮ ಪುಟ್ಟ ಆಫೀಸಿಗೆ ಬಂದಾಗ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು, ಹಲಗಾದ ಆಚೆ 18 ಎಕರೆ ಹೊಲದ ಉತಾರ (ಪಹಣಿ). ಇನ್ನೊಂದು, ಹುಲ್ಲುಹಾಸಿನ ನಡುವೆ ಬಳೆಯಂತೆ ದುಂಡಗೆ ಮಲಗಿದ ಗಾಜಿನ ಕಟ್ಟಡದ ಬಣ್ಣದ ಪ್ರಿಂಟ್. "ಹಿಂಗ ಬೇಕ್ರಿ ಸರ, ಸಣ್ಣದಾಗಿ" ಅಂದರು.

ಕಂಪನಿ ಎಂಜಿನಿಯರಿಂಗ್ ವಿನ್ಯಾಸದ್ದು. ಉದ್ಯಮಬಾಗದಲ್ಲಿ ಮೂರು ಬಾಡಿಗೆ ಕಟ್ಟಡಗಳಲ್ಲಿ ಹರಡಿಕೊಂಡು 600 ಜನ ಕೆಲಸ ಮಾಡುತ್ತಿದ್ದರು. ಮುಂದಿನ ಕೆಲವು ವರ್ಷಗಳಲ್ಲಿ 1,500 ಆಗಬೇಕೆಂಬುದು ಅವರ ಲೆಕ್ಕ. ಪ್ರಿಂಟಿನಲ್ಲಿದ್ದದ್ದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ 2017ರಲ್ಲಿ ತೆರೆದ ಆ್ಯಪಲ್ ಪಾರ್ಕ್. ಅದು 175 ಎಕರೆಯದು. ಸುಮಾರು 12 ಸಾವಿರ ಜನರಿಗಾಗಿ ಕಟ್ಟಿದ ಆ ಜಾಗದಲ್ಲಿ ಸುಮಾರು 11 ಸಾವಿರ ಕಾರು ನಿಲ್ಲಿಸುವ ವ್ಯವಸ್ಥೆ ಇದೆ. ಆದರೆ ಫೋಟೊದಲ್ಲಿ ಒಂದು ಕಾರೂ ಕಾಣುವುದಿಲ್ಲ! ಒಂದು ಪಾಲು ನೆಲದಡಿಗೆ, ಉಳಿದದ್ದು ಅಂಚಿನ ಪಾರ್ಕಿಂಗ್ ಕಟ್ಟಡಗಳಿಗೆ ಹೋಗಿದೆ. ಆ ಮರೆಮಾಚುವಿಕೆಗೆ ಎಷ್ಟು ಖರ್ಚಾಗುತ್ತದೆ ಎಂಬುದು ಪ್ರಿಂಟಿನಲ್ಲಿ ಬರುವುದಿಲ್ಲ.

ನಾವು ಅವರಿಗೆ ನಾಲ್ಕು ದಾರಿಗಳನ್ನು ಬಿಡಿಸಿ ತೋರಿಸಿದೆವು. ಊರಾಚೆ ಆಫೀಸು ಕಟ್ಟಲು ಹೊರಟಿರುವ ಇತರರಿಗೂ ಬೇಕಾಗಬಹುದೆಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಒಂದು ನಮೂನೆಯ ಮೇಲೆ ಒಲವಿದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಒಂದು ಲೆಕ್ಕ

ನಕ್ಷೆಗೆ ಕೈ ಹಾಕುವ ಮುಂಚೆ ಗುಣಾಕಾರ ಮಾಡಿ. 1,500 ಜನರಿಗೆ ತಲೆಗೆ 10 ಚದರ ಮೀಟರಿನಂತೆ 15,000 ಚದರ ಮೀಟರ್. ಕ್ಯಾಂಟೀನು, ತರಬೇತಿ ಕೋಣೆ, ಮೆಟ್ಟಿಲು, ಶೌಚಾಲಯ ಎಲ್ಲ ಸೇರಿ 20,000 ಅನ್ನೋಣ. ನೆಲಮಹಡಿ, ಮೇಲೆ ಮೂರು ಮಹಡಿ ಕಟ್ಟಿದರೆ ನೆಲದ ಮೇಲೆ ಕೂರುವುದು 5,000 ಚದರ ಮೀಟರ್. ಅಂದರೆ ಸುಮಾರು ಒಂದೂಕಾಲು ಎಕರೆ.

18 ಎಕರೆಯಲ್ಲಿ ಒಂದೂಕಾಲು!

ಈ ಅಂಕಿ ಹೇಳಿದಾಗ ಕಂಪನಿಯ ಹಿರಿಯರು ಕ್ಯಾಲ್ಕುಲೇಟರ್ ತೆಗೆದು ತಾವೇ ಮತ್ತೊಮ್ಮೆ ಗುಣಿಸಿ ನೋಡಿದರು. ಊರಾಚೆಯ ಆಫೀಸಿನಲ್ಲಿ ಕಟ್ಟಡ ಹೇಗಿರಬೇಕು ಅನ್ನುವುದು ಎರಡನೆಯ ಪ್ರಶ್ನೆ. ಉಳಿದ ಹದಿನಾರು ಮುಕ್ಕಾಲು ಎಕರೆ ಏನು ಮಾಡುತ್ತದೆ ಅನ್ನುವುದು ಮೊದಲನೆಯದು. ಕಾರು ತಿನ್ನುತ್ತದೆಯೇ, ಹುಲ್ಲು ತಿನ್ನುತ್ತದೆಯೇ, ಹೊಲವಾಗಿಯೇ ಉಳಿಯುತ್ತದೆಯೇ?

ಕಾರಿನ ಲೆಕ್ಕ ಇನ್ನೂ ಮಜವಾಗಿದೆ. ಬಯಲಿನಲ್ಲಿ ಒಂದು ಕಾರಿಗೆ, ಅದು ತಿರುಗುವ ದಾರಿಯೂ ಸೇರಿ, ಸುಮಾರು 25 ಚದರ ಮೀಟರ್ ಬೇಕು. 1,500 ಜನರೂ ಕಾರಿನಲ್ಲಿ ಬಂದರೆ 37,500 ಚದರ ಮೀಟರ್, ಒಂಬತ್ತೂಕಾಲು ಎಕರೆ, ಅರ್ಧ ಜಮೀನು. ಆದರೆ ಬೆಳಗಾವಿ ಇನ್ನೂ ಸ್ಕೂಟರ್ ಊರು. 300 ಕಾರು, 900 ದ್ವಿಚಕ್ರ, ಉಳಿದವರು ಬಸ್ಸು ಮತ್ತು ಟಂಟಂ ಎಂದು ಹಿಡಿದರೆ ಎರಡೂವರೆ ಎಕರೆಯಲ್ಲಿ ಮುಗಿಯುತ್ತದೆ. ಅರ್ಧ ಜಮೀನಿಗೂ ಎರಡೂವರೆ ಎಕರೆಗೂ ನಡುವಿನ ವ್ಯತ್ಯಾಸವನ್ನು ತೀರ್ಮಾನಿಸುವುದು ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನುವ ಒಂದೇ ಸಂಗತಿ. ವಾಸ್ತುಶಿಲ್ಪಿಯ ಕೈಯಲ್ಲಿ ಅದು ಅಷ್ಟಾಗಿ ಇಲ್ಲ.

ನಮ್ಮ ಜಮೀನಿನ ಆಕಾರ ಹೀಗಿತ್ತು: ಅಗಲ 200 ಮೀಟರ್, ಉದ್ದ 364. ಪಶ್ಚಿಮದ ಕಿರು ಅಂಚಿಗೆ ರಾಷ್ಟ್ರೀಯ ಹೆದ್ದಾರಿ 48. ಪೂರ್ವದ ಕಿರು ಅಂಚಿಗೆ ಹಳ್ಳಿಗೆ ಹೋಗುವ ಡಾಂಬರು ರಸ್ತೆ, ಬೇವಿನ ಮರಗಳು, ಒಂದು ಚಹಾದಂಗಡಿ. ಮುಂದಿನದೆಲ್ಲ ಈ ಎರಡು ಅಂಚುಗಳ ನಡುವಿನ ಜಗಳ.

ಬಂಗ್ಲೆ ನಮೂನೆ

ಜಮೀನಿನ ನಟ್ಟನಡುವೆ ಒಂದೇ ದೊಡ್ಡ ಕಟ್ಟಡ. ಸುತ್ತ ಹುಲ್ಲು, ಹುಲ್ಲಿನ ಸುತ್ತ ರಸ್ತೆ, ರಸ್ತೆಯ ಸುತ್ತ ಕಾಂಪೌಂಡ್. ಹೆದ್ದಾರಿಗೆ ಮುಖ ಮಾಡಿದ ದೊಡ್ಡ ಗೇಟು. ಫೋಟೊದಲ್ಲಿ ಇದ್ದದ್ದು ಇದೇ.

ಇದು ಹೊಸ ಯೋಚನೆ ಅಂದುಕೊಂಡವರು ಒಮ್ಮೆ ನಮ್ಮೂರಿನ ಕ್ಯಾಂಪಿನಲ್ಲಿ, ಬ್ರಿಟಿಷರ ಕಾಲದ ದಂಡುಪ್ರದೇಶದಲ್ಲಿ, ನಡೆದು ಬರಲಿ. 1830ರ ದಶಕದಿಂದ ನಾವು ಅದನ್ನೇ ನೋಡುತ್ತ ಬಂದಿದ್ದೇವೆ: ದೊಡ್ಡ ಹಿತ್ತಲು, ನಡುವೆ ಹಂಚಿನ ಬಂಗ್ಲೆ, ಗೇಟಿನಿಂದ ಪಡಸಾಲೆವರೆಗೆ ಕುದುರೆಗಾಡಿ ಬರಲು ಸುತ್ತುದಾರಿ. ಒಂದು ಮನೆಗೆ ಅದು ಚೆಂದ. 1,500 ಜನ ದಿನಾ ಒಂಬತ್ತಕ್ಕೆ ಬಂದು ಆರಕ್ಕೆ ಹೋಗುವ ಜಾಗಕ್ಕೆ ಅದೇ ಅಳತೆಯನ್ನು ಹಿಗ್ಗಿಸಿದರೆ ಏನಾಗುತ್ತದೆ?

ನಡೆಯುವವನ ಕಣ್ಣಿನಿಂದ ನೋಡಿ. ಆಳು ನಿಮಿಷಕ್ಕೆ ಸುಮಾರು 80 ಮೀಟರ್ ನಡೆಯುತ್ತಾನೆ. ಗೇಟಿನಿಂದ ಬಾಗಿಲಿಗೆ 170 ಮೀಟರ್, ಎರಡು ನಿಮಿಷ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಬಸ್ ನಿಲ್ಲುವುದು ಗೇಟಿನ ಮುಂದಲ್ಲ, ಸರ್ವಿಸ್ ರಸ್ತೆಯಲ್ಲಿ ಎಲ್ಲೋ. ಸಂಜೆ ಊರಿಗೆ ವಾಪಸ್ ಹೋಗುವ ಬಸ್ಸು ಹೆದ್ದಾರಿಯ ಆಚೆ ಬದಿ. ದಾಟಲು ಕೆಳಸೇತುವೆಗೆ ಹೋಗಿ ಬರಬೇಕು. ಜುಲೈ ತಿಂಗಳ ಬೆಳಗಾವಿ ಮಳೆಯಲ್ಲಿ, ಪಶ್ಚಿಮದಿಂದ ಅಡ್ಡಡ್ಡ ಬಡಿಯುವ ಗಾಳಿಯಲ್ಲಿ, ಕೊಡೆ ಉಲ್ಟಾ ಆಗುತ್ತ ಹೋಗುವ ಹುಡುಗಿ ಎಷ್ಟು ದಿನ ಬಸ್ಸಿಗೆ ಬಂದಾಳು? ಮೂರನೇ ವಾರ ಸ್ಕೂಟಿ ಕೊಳ್ಳುತ್ತಾಳೆ, ಮೂರನೇ ವರ್ಷ ಕಾರು. ಆಗ ಪಾರ್ಕಿಂಗ್ ಸಾಲದು, ಹುಲ್ಲು ಅಗೆದು ಡಾಂಬರು ಹಾಕುತ್ತಾರೆ.

ಆ ಹುಲ್ಲಿನ ವಿಷಯಕ್ಕೆ ಬರೋಣ. ಬಂಗ್ಲೆ ನಕ್ಷೆಯಲ್ಲಿ ಎಂಟು ಎಕರೆ ಹುಲ್ಲುಹಾಸು ಬಂತು. ಏಪ್ರಿಲ್ ಬಿಸಿಲಿನಲ್ಲಿ ಹುಲ್ಲು ಹಸಿರಾಗಿರಲು ಚದರ ಮೀಟರಿಗೆ ದಿನಕ್ಕೆ ಐದು ಲೀಟರಿನ ಆಸುಪಾಸು ನೀರು ಬೇಕು. ಎಂಟು ಎಕರೆಗೆ ಸುಮಾರು 1.6 ಲಕ್ಷ ಲೀಟರ್. ಆಫೀಸಿನಲ್ಲಿ ಕೂರುವ ಮನುಷ್ಯನಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹಿಡಿಯುವ ಲೆಕ್ಕ ದಿನಕ್ಕೆ 45 ಲೀಟರ್, 1,500 ಜನಕ್ಕೆ 67,500. ಅಂದರೆ ಕೆಲಸ ಮಾಡುವವರು ಕುಡಿದು, ಕೈ ತೊಳೆದು, ಶೌಚಕ್ಕೆ ಬಳಸಿದ್ದರ ಎರಡು ಪಟ್ಟಿಗಿಂತ ಹೆಚ್ಚು ನೀರನ್ನು ಯಾರೂ ಕಾಲಿಡದ ಹುಲ್ಲು ಕುಡಿಯುತ್ತದೆ. ಊರಿಗೆ ಜಲಾಶಯಗಳಿಂದ, ಅಂದರೆ ರಾಕಸಕೊಪ್ಪದಿಂದ, ಹಿಡಕಲ್‌ನಿಂದ ನೀರು ಬರುತ್ತದೆ. ಹೆದ್ದಾರಿ ಪಕ್ಕದ ಹೊಲದಲ್ಲಿ ನೀವು ನೆಚ್ಚಬೇಕಾದದ್ದು ಬೋರ್‌ವೆಲ್ಲನ್ನು, ಮತ್ತು ಅದೇ ಅಂತರ್ಜಲವನ್ನು ನೆಚ್ಚಿರುವ ಪಕ್ಕದ ಹೊಲದವನ ತಾಳ್ಮೆಯನ್ನು.

ನಾನು ಹುಲ್ಲಿಗೆ ಒಂದು ಸರಳ ನಿಯಮ ಇಟ್ಟುಕೊಂಡಿದ್ದೇನೆ. ಬಳಸಿದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಶುದ್ಧೀಕರಣ ಘಟಕದಿಂದ ಹಿಂದಕ್ಕೆ ಸಿಗುತ್ತದೆ ಅನ್ನಿ, 54,000 ಲೀಟರ್. ಅದರಲ್ಲಿ ಎಷ್ಟು ಹುಲ್ಲು ಬದುಕುತ್ತದೋ ಅಷ್ಟೇ ಹುಲ್ಲು. ಎರಡೂ ಮುಕ್ಕಾಲು ಎಕರೆಯ ಒಳಗೆ ಬರುತ್ತದೆ. ಆ ನೀರನ್ನೇ ಫ್ಲಶ್‌ಗೂ ಬಳಸಿದರೆ ಇನ್ನೂ ಕಡಿಮೆ. ಉಳಿದದ್ದಕ್ಕೆ ಹೊಂಗೆ, ಬೇವು, ಮಾವು ಹಾಕಿ.

ಕಾಂಪೌಂಡ್ ಕೂಡ ಪುಕ್ಕಟೆಯಲ್ಲ. ಸುತ್ತಳತೆ 1,128 ಮೀಟರ್. ಹಲಗಾ ಕಡೆಯದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಊರಿನ ಪಶ್ಚಿಮಕ್ಕೆ ಹಿಂಡಲಗಾ ಬದಿ ಜಂಬಿಟ್ಟಿಗೆ ನೆಲ ಸಿಗುವಂತೆ ಇಲ್ಲಿ ಸಿಗುವುದಿಲ್ಲ. ಕಟ್ಟಡಕ್ಕೇನೋ ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಪೈಲುಗಳನ್ನು ಇಳಿಸಿ ಕೂರಿಸುತ್ತೇವೆ. ಒಂದು ಕಿಲೋಮೀಟರ್ ಗೋಡೆಗೆ ಯಾರೂ ಅಷ್ಟು ಖರ್ಚು ಮಾಡುವುದಿಲ್ಲ. ಎರಡನೇ ಬೇಸಿಗೆಗೆ ಅದು ಸೀಳುತ್ತದೆ. ನಮ್ಮ ಗವಂಡಿಯ ಮಾತು: "ಎರಿ ಮಣ್ಣಾಗ ಉದ್ದ ಗೋಡಿ ಕಟ್ಟೂದಂದ್ರ ವರ್ಷಾ ಗಿಲಾವ ಮಾಡಾಕ ತಯಾರಿರಬೇಕ್ರಿ."

ಮುಂದೊಂದು ದಿನ ಕಂಪನಿ ಹೊರಟುಹೋದರೆ? ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ಗಾಗಿ ವಾಸ್ತುಶಿಲ್ಪಿ ಈರೊ ಸಾರಿನೆನ್ ವಿನ್ಯಾಸ ಮಾಡಿದ ಕಟ್ಟಡ 1962ರಲ್ಲಿ ತೆರೆಯಿತು. ನೂರಾರು ಎಕರೆ ಹಸಿರಿನ ನಡುವೆ ಕನ್ನಡಿ ಗಾಜಿನ ಒಂದೇ ಪೆಟ್ಟಿಗೆ, 20 ಲಕ್ಷ ಚದರ ಅಡಿ. ಬಂಗ್ಲೆ ನಮೂನೆಯ ಶಿಖರ ಅನ್ನಬಹುದು. ಸಂಶೋಧಕರು ಖಾಲಿ ಮಾಡಿ ಹೋದ ಮೇಲೆ ವರ್ಷಗಟ್ಟಲೆ ಅದು ಪಾಳು ಬಿತ್ತು, ಒಡೆಯುವ ಮಾತೂ ಬಂತು. ಕೊನೆಗೆ ಅದನ್ನು ಬದುಕಿಸಿದ್ದು ಒಳಗಿನ ಸುಮಾರು 400 ಮೀಟರ್ ಉದ್ದದ ಹಜಾರವನ್ನು ಸಾರ್ವಜನಿಕ ಬೀದಿಯಾಗಿ ತೆರೆದದ್ದು. ಈಗ ಅಲ್ಲಿ ಅಂಗಡಿ, ಕಾಫಿ, ಊರಿನ ಗ್ರಂಥಾಲಯ, ಹತ್ತಾರು ಬೇರೆ ಬೇರೆ ಆಫೀಸುಗಳು. ಅಲ್ಲಿ ಅರ್ಧ ಶತಮಾನದ ಮೇಲೆ ಒಳಗೆ ತಂದ ಬೀದಿಯನ್ನು ನಾವು ಮೊದಲ ದಿನವೇ ಹೊರಗೆ ಹಾಕಬಹುದಲ್ಲ?

ಬಂಗ್ಲೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಕಾಣುತ್ತದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವನ್ನೇ ನೋಡಿ, ದಿಣ್ಣೆಯ ಮೇಲೆ, ಎಲ್ಲ ಕಡೆಯಿಂದ ಕಣ್ಣಿಗೆ ಬೀಳುವಂತೆ. ಶಾಸನಸಭೆಗೆ ಆ ದೂರ, ಆ ಎತ್ತರ ಒಪ್ಪುತ್ತದೆ, ಅದು ಹೆಗ್ಗುರುತಾಗಲೆಂದೇ ಕಟ್ಟಿದ್ದು. ಪಂಪಿನ ಬಿಡಿಭಾಗದ ನಕ್ಷೆ ಬಿಡಿಸುವ ಕಂಪನಿ ಹೆಗ್ಗುರುತಾಗಬೇಕೆ? ಅದು ಆಡಳಿತ ಮಂಡಳಿಗೆ ಬಿಟ್ಟದ್ದು.

ವಾಡೆ ನಮೂನೆ

ನಮ್ಮ ದೇಸಾಯರ, ಇನಾಮದಾರರ ವಾಡೆಗಳು ಹೊರಗೆ ದಪ್ಪ ಗೋಡೆ, ಒಂದೇ ದೊಡ್ಡ ಬಾಗಿಲು. ಒಳಗೆ ಚೌಕ, ಚೌಕದ ಸುತ್ತ ಪಡಸಾಲೆ. ಇದನ್ನೇ ಆಫೀಸಿಗೆ ಇಳಿಸಿದರೆ ಎರಡು ಅಂಗಳಗಳ ಸುತ್ತ ಮಹಡಿಗಳು, ಹೊರಗೋಡೆಯೇ ಕಾಂಪೌಂಡ್. ಒಂದು ಕಿಲೋಮೀಟರ್ ಗೋಡೆ ಉಳಿಯಿತು. ನೆರಳು ಸಿಕ್ಕಿತು. ಗಾಳಿ ಮಳೆಗೆ ಬೆನ್ನು ಕೊಟ್ಟು ಕೂತಂತಾಯಿತು. ಒಬ್ಬರನ್ನೊಬ್ಬರು ದಿನಾ ನೋಡುವ ಜಾಗ ನಡುವೆಯೇ ಇದೆ.

ಸುರಕ್ಷತೆ ನಿಜಕ್ಕೂ ಬೇಕಾದವರಿಗೆ ಇದು ಸರಿ. ಹತ್ತರಗಿಯಲ್ಲಿರುವಂಥ ವಿಶೇಷ ಆರ್ಥಿಕ ವಲಯಕ್ಕೆ ಹೋಗುವ ಕಂಪನಿಗಂತೂ ಆಯ್ಕೆಯೇ ಇಲ್ಲ. ಅಲ್ಲಿ ತಯಾರಿಕಾ ಪ್ರದೇಶಕ್ಕೆ ಕನಿಷ್ಠ 2.4 ಮೀಟರ್ ಎತ್ತರದ ಗೋಡೆಯೋ ಬೇಲಿಯೋ ಇರಲೇಬೇಕೆಂದು ನಿಯಮವಿದೆ. ವಿಮಾನದ ಬಿಡಿಭಾಗ, ರಕ್ಷಣಾ ಕೆಲಸ, ಗ್ರಾಹಕರ ಗುಟ್ಟಿನ ನಕ್ಷೆಗಳು ಇದ್ದರೆ ವಾಡೆ ಕಟ್ಟಿ, ಯೋಚಿಸಬೇಡಿ.

ಕೊರತೆ ಹೊರಗಿನವರಿಗೆ. ಹಳ್ಳಿ ರಸ್ತೆಯ ಕಡೆ ಕಿಟಕಿ ಇಲ್ಲದ ಗೋಡೆ ನಿಂತರೆ ಆ ರಸ್ತೆ ಸತ್ತಂತೆ. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಬಾಗಿಲಿನಿಂದ ಬಸ್ ಸ್ಟಾಪಿಗೆ ಕುರುಡುಗೋಡೆಯ ಪಕ್ಕ ಒಬ್ಬಳೇ ನಡೆಯಬೇಕಾದವಳಿಗೆ ಒಳಗಿನ ಚೆಂದದ ಅಂಗಳದಿಂದ ಏನು ಪ್ರಯೋಜನ? ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳು ಎಂದು ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ನೋಡಿ ಹೇಳಿದ್ದು. ಗಣಪತ ಗಲ್ಲಿಯಲ್ಲಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿಸಿಟಿವಿ ಆಮೇಲೆ ಯಾರು ಬಂದಿದ್ದರು ಅಂತ ತೋರಿಸುತ್ತದೆ, ಅಷ್ಟೆ.

ಗಲ್ಲಿ ನಮೂನೆ

ಈಗ ನನ್ನ ಒಲವಿನದು. ಇದರಲ್ಲಿ ಮೊದಲ ಕೆಲಸ ಮುಖ ತಿರುಗಿಸುವುದು: ಹೆದ್ದಾರಿಗೆ ಬೆನ್ನು, ಹಳ್ಳಿ ರಸ್ತೆಗೆ ಮುಖ.

ಇದನ್ನು ಕೇಳಿ ಕಂಪನಿಯವರು ಮುಖ ಸಣ್ಣ ಮಾಡಿಕೊಂಡರು. "ಹೆದ್ದಾರಿ ಮ್ಯಾಲಿನ ಜಾಗಾ ಅಂತ ರೊಕ್ಕಾ ಕೊಟ್ಟೇವ್ರಿ, ನೀವು ಹಿತ್ತಲ ಬಾಗಲಾ ತೋರಸಾಕತ್ತೀರಿ" ಅಂದರು. ಆದರೆ ಹೆದ್ದಾರಿಯ ಪಕ್ಕದ ಜಮೀನು ಪೂರ್ತಿ ನಿಮ್ಮದಲ್ಲ. ಊರ ಹೊರಗೆ ರಾಷ್ಟ್ರೀಯ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟಡ ಬರಬಾರದು, 75 ಮೀಟರಿನವರೆಗೆ ನಿಯಂತ್ರಣವಿದೆ ಎಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ. ಹೆದ್ದಾರಿಗೆ ನೇರ ಗೇಟು ತೆರೆಯಲು ಬೇರೆಯೇ ಅನುಮತಿ ಬೇಕು. ಹೆದ್ದಾರಿಯ ಜಾಗ ಒಟ್ಟು 60 ಮೀಟರ್ ಇದ್ದರೆ ನಿಮ್ಮ ಬೇಲಿಯಿಂದ 45 ಮೀಟರ್ ಒಳಗಿನವರೆಗೆ ಈ ನಿಯಂತ್ರಣ ಬರುತ್ತದೆ. 200 ಮೀಟರ್ ಅಗಲಕ್ಕೆ ಎರಡೂಕಾಲು ಎಕರೆ. ಪಾರ್ಕಿಂಗಿಗೆ ಬೇಕಾದದ್ದು ಎಷ್ಟು ಅಂತ ನೆನಪಿದೆಯೆ? ಎರಡೂವರೆ. ನಿಯಂತ್ರಣದ ಈ ಪಟ್ಟಿಯಲ್ಲಿ, ಮರದ ಸಾಲುಗಳ ಕೆಳಗೆ, ಗಾಡಿಗಳನ್ನು ನಿಲ್ಲಿಸಿಬಿಡಿ. ಅನುಮತಿ ಕೊಡುವವರನ್ನು ಮೊದಲೇ ಕೇಳಿಕೊಳ್ಳಿ. ಆ ಮರಗಳು ಪಶ್ಚಿಮದ ಬಿಸಿಲಿಗೂ ಲಾರಿಗಳ ಧೂಳಿಗೂ ಅಡ್ಡ ನಿಲ್ಲುತ್ತವೆ.

ಕಟ್ಟಡವನ್ನು ನಾಲ್ಕು ಪಟ್ಟಿಗಳಾಗಿ ಸೀಳುತ್ತೇವೆ. ಒಂದೊಂದು 16 ಮೀಟರ್ ಅಗಲ, 78 ಮೀಟರ್ ಉದ್ದ, ಪೂರ್ವ-ಪಶ್ಚಿಮವಾಗಿ ಮಲಗಿದ್ದು. ಹದಿನಾರು ಯಾಕೆಂದರೆ ಕಿಟಕಿಯ ಬೆಳಕು ಒಳಗೆ ಬರುವುದು ಕಿಟಕಿಯ ತಲೆಯ ಎತ್ತರದ ಎರಡು, ಎರಡೂವರೆ ಪಟ್ಟು ಮಾತ್ರ. ಆರೇಳು ಮೀಟರ್. ಎರಡೂ ಬದಿಯಿಂದ ಬಂದರೆ ಹದಿನಾರರಲ್ಲಿ ನಡುವಿನ ಓಡಾಟದ ದಾರಿ ಬಿಟ್ಟು ಎಲ್ಲ ಮೇಜಿಗೂ ಹಗಲು ಸಿಗುತ್ತದೆ. ಬಂಗ್ಲೆಯ ದಪ್ಪ ಕಟ್ಟಡದಲ್ಲಿ ನಡುವೆ ಕೂತವನು ಇಡೀ ದಿನ ಟ್ಯೂಬ್‌ಲೈಟ್ ಕೆಳಗೆ. ಉದ್ದ ಮುಖಗಳು ಉತ್ತರ ದಕ್ಷಿಣಕ್ಕೆ ಬಂದಿದ್ದರಿಂದ ಪಶ್ಚಿಮದ ಬಿಸಿಲಿಗೆ ಸಿಗುವುದು ಬರೀ 16 ಮೀಟರಿನ ತುದಿಗೋಡೆ.

ಪಟ್ಟಿಗಳ ನಡುವೆ 15 ಮೀಟರಿನ ಗಲ್ಲಿಗಳು. ಕಟ್ಟಡದ ಎತ್ತರವೂ ಸುಮಾರು 15. ಎತ್ತರ ಮತ್ತು ಅಗಲ ಸಮವಿದ್ದಾಗ, ಅಗಲ ಹೆಚ್ಚೆಂದರೆ ಎರಡು ಪಟ್ಟು ಇದ್ದಾಗ, ಮನುಷ್ಯನಿಗೆ ಒಂದು ಕೋಣೆಯೊಳಗೆ ಇದ್ದ ಹಾಗೆ ಅನ್ನಿಸುತ್ತದೆ. ನಾಲ್ಕು ಪಟ್ಟು ದಾಟಿದರೆ ಬಯಲು. ಈ ಮಾತಿಗೆ ನನ್ನ ಸಾಕ್ಷಿ ಪುಸ್ತಕದ್ದಲ್ಲ, ನಮ್ಮ ಅತ್ತೆಯವರದು. ಅವರದು ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಬಂದಾಗ ಹಳೆ ಊರಿನಿಂದ ನವನಗರಕ್ಕೆ ಬಂದವರು. ಸೆಕ್ಟರು, ಅಗಲವಾದ ನೇರ ರಸ್ತೆ, ಹೊಸ ಊರಿನ ಯೋಜನೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾರಂಥವರ ಕೈಯೂ ಇತ್ತು. ಅತ್ತೆ ಮನೆಯನ್ನು ಹೊಗಳುತ್ತಾರೆ, ಗಾಳಿ ಬೆಳಕು ಹೊಗಳುತ್ತಾರೆ. ಆದರೆ ಹನ್ನೆರಡು ಗಂಟೆಗೆ ಕಾಯಿಪಲ್ಲೆಗೆ ಹೊರಟರೆ, "ಹಳೇ ಊರಾಗ ಒಂದು ಬದಿಗರ ನೆರಳ ಇರ್ತಿತ್ತಪಾ, ಇಲ್ಲಿ ರಸ್ತಾ ದಾಟೂದ್ರಾಗ ನೆತ್ತಿ ಸುಡತದ" ಅನ್ನುತ್ತಾರೆ.

ನೆರಳಿನ ಲೆಕ್ಕವನ್ನೂ ಮಾಡಿದೆವು. ಡಿಸೆಂಬರ್ ನಡುಹಗಲಿಗೆ ಬೆಳಗಾವಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. 15 ಮೀಟರ್ ಕಟ್ಟಡದ ನೆರಳು 12 ಮೀಟರ್ ಬೀಳುತ್ತದೆ, ಗಲ್ಲಿಯ ಬಹುಪಾಲು ತಂಪು. ಮೇ ಮೊದಲ ವಾರ ಮಾತ್ರ ಸೂರ್ಯ ನಡುನೆತ್ತಿಗೇ ಬರುತ್ತಾನೆ, ಯಾವ ಕಟ್ಟಡದ ನೆರಳೂ ಇಲ್ಲ. ಆದ್ದರಿಂದ ನೆಲಮಹಡಿಗೆ ಉದ್ದಕ್ಕೂ ಮೂರು ಮೀಟರಿನ ಪಡಸಾಲೆ ಕಡ್ಡಾಯ. ಬಿಸಿಲಿಗೂ ಅದೇ, ಮಳೆಗೂ ಅದೇ. ಖರ್ಚು ಕಡಿಮೆ ಮಾಡುವ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಗಟ್ಟಿಯಾಗಿ ಹಿಡಿದುಕೊಳ್ಳಿ.

ಹಳ್ಳಿ ರಸ್ತೆಗೆ ಬರುವ ನಾಲ್ಕು ತುದಿಗಳ ನೆಲಮಹಡಿ ಕಂಪನಿಯದಲ್ಲ, ಬೀದಿಯದು. ಒಂದರಲ್ಲಿ ಬ್ಯಾಂಕು ಮತ್ತು ಎಟಿಎಂ, ಒಂದರಲ್ಲಿ ಔಷಧಿ ಅಂಗಡಿ, ಒಂದರಲ್ಲಿ ಖಾನಾವಳಿ, ಇನ್ನೊಂದರಲ್ಲಿ ಕೂಸಿನಮನೆ. ಹಳ್ಳಿಯವರೂ ಬರಲಿ. ಮೊದಲಿದ್ದ ಚಹಾದಂಗಡಿಯನ್ನು ಎಬ್ಬಿಸಬೇಡಿ, ಅದಕ್ಕೆ ನೀರಿನ ನಲ್ಲಿ ಮತ್ತು ಒಂದು ಕಟ್ಟೆ ಕೊಡಿ. ಕಾವಲು ಗೇಟು ಜಮೀನಿನ ಅಂಚಿನಲ್ಲಿ ಇರುವುದಿಲ್ಲ, ಪ್ರತಿ ಕಟ್ಟಡದ ಬಾಗಿಲಿಗೆ ಬರುತ್ತದೆ. ಗಲ್ಲಿಯಲ್ಲಿ ಯಾರಾದರೂ ನಡೆಯಬಹುದು, ಮೆಟ್ಟಿಲು ಹತ್ತಲು ಕಾರ್ಡ್ ಬೇಕು. ಖಡೇಬಜಾರಿನ ಬಂಗಾರದಂಗಡಿಯವರಿಗೆ ಹಿತ್ತಲ ಕಾಂಪೌಂಡ್ ಇದೆಯೆ? ಬಾಗಿಲು ಗಟ್ಟಿ ಇದೆ.

ಬೆಳೆಯುವ ಕಂಪನಿಗೆ ಇದರಲ್ಲಿ ಇನ್ನೊಂದು ಅನುಕೂಲ. ಒಂದು ಪಟ್ಟಿಯಲ್ಲಿ 375 ಜನ. ಇಂದಿನ 600 ಜನರಿಗೆ ಎರಡು ಸಾಕು. ಮೂರನೆಯದು ಆರ್ಡರ್ ಬಂದಾಗ. ಬಂಗ್ಲೆಯನ್ನು ಅರ್ಧ ಕಟ್ಟಲಾಗದು, ದುಂಡು ಬಳೆಯಂತೂ ಅರ್ಧ ಆದರೆ ಒಡೆದ ಬಳೆ. ಒಳರಸ್ತೆಯೂ ಉಳಿಯಿತು: ಬಂಗ್ಲೆ ನಕ್ಷೆಯಲ್ಲಿ 1,100 ಮೀಟರ್ ಬಂದದ್ದು ಇದರಲ್ಲಿ 450ಕ್ಕೆ ಇಳಿಯಿತು. ಎಂಟು ಹತ್ತು ಎಕರೆ ಹೊಲ ಹೊಲವಾಗಿಯೇ ಇರುತ್ತದೆ. ಎನ್‌ಎ (ಕೃಷಿಯೇತರ ಜಮೀನು) ಮಾಡಿಸಿದ್ದನ್ನು ಪಾಳು ಬಿಡುವ ಬದಲು ಮರ ಬೆಳೆಸಬಹುದು, ಮುಂದೆ ಬೇಕಾದರೆ ಕಟ್ಟಬಹುದು.

ನಮ್ಮ ಮೊದಲ ನಕ್ಷೆಯಲ್ಲಿ ತಪ್ಪೂ ಇತ್ತು, ಹೇಳಿಬಿಡುತ್ತೇನೆ. ಗಲ್ಲಿಗಳು ಪೂರ್ವ-ಪಶ್ಚಿಮಕ್ಕೆ ನೇರ ತೆರೆದಿದ್ದವು. ಮುಂಗಾರಿನ ಗಾಳಿ ಪಶ್ಚಿಮದಿಂದಲೇ ಬರುವುದು. ಮೂರು ಗಲ್ಲಿಗಳೂ ಮೂರು ಕೊಳವೆಗಳಂತೆ ಮಳೆಯನ್ನು ಊದುತ್ತಿದ್ದವು. ಇದನ್ನು ಕಂಡುಹಿಡಿದದ್ದು ಕಂಪ್ಯೂಟರಲ್ಲ, ಥರ್ಮೋಕೋಲ್ ಮಾದರಿ ನೋಡಿದ ಅವರ ಆಫೀಸಿನ ಹಿರಿಯ ಜವಾನರು. "ಈ ಕಡಿಂದ ಜಡಿ ಬಂದ್ರ ತಡ್ಯಾವ್ರ್ಯಾರ್ರಿ?" ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ಪಶ್ಚಿಮದ ತುದಿಗೆ ಕ್ಯಾಂಟೀನು, ಜನರೇಟರು, ಉಗ್ರಾಣಗಳನ್ನು ಸಾಲಾಗಿ ಇಟ್ಟು ಗಲ್ಲಿಗಳ ಬಾಯಿ ಮುಚ್ಚಿದೆವು. ಪಾರ್ಕಿಂಗಿಗೆ ಹೋಗಲು ಅವುಗಳ ನಡುವೆ ಅಡ್ಡಾದಿಡ್ಡಿ ಎರಡು ಕಿರುದಾರಿ ಬಿಟ್ಟೆವು. ಹೀಗಾಗಿ ನಮ್ಮ ಗಲ್ಲಿ ಹಿಂಬದಿಯಲ್ಲಿ ಅರ್ಧ ವಾಡೆಯಾಯಿತು.

ಗಲ್ಲಿ ನಮೂನೆಯ ನಿಜವಾದ ಅಪಾಯ ಬೇರೆ: ಆ ನಾಲ್ಕು ಅಂಗಡಿಗಳು ಮೊದಲ ಎರಡು ವರ್ಷ ಖಾಲಿ ಬೀಳಬಹುದು. ಶಟರ್ ಮುಚ್ಚಿದ ಬೀದಿ ಕುರುಡುಗೋಡೆಗಿಂತ ಕಷ್ಟ. ಬಾಡಿಗೆ ಕಡಿಮೆ ಇಟ್ಟು, ಮೊದಲು ಎರಡನ್ನೇ ತೆರೆದು, ಉಳಿದೆಡೆ ಕಂಪನಿಯದೇ ತರಬೇತಿ ಕೋಣೆಯನ್ನು ಗಾಜಿನ ಹಿಂದೆ ಇಡಿ. ದೀಪ ಉರಿಯುತ್ತಿರಬೇಕು, ಅಷ್ಟು ಸಾಕು.

ನಾಲ್ಕನೆಯ ದಾರಿ: ಊರು ಬಿಡದಿರುವುದು

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುವುದು ಧರ್ಮ. ಇಂದಿನ 600 ಜನರಿಗೆ 8,000 ಚದರ ಮೀಟರ್ ಸಾಕು, ನಾಲ್ಕು ಅಂತಸ್ತಿಗೆ ನೆಲದಲ್ಲಿ 2,000. ಉದ್ಯಮಬಾಗದಲ್ಲೋ ಖಾನಾಪುರ ರಸ್ತೆಯಲ್ಲೋ ಒಂದು ಎಕರೆ ಸಿಕ್ಕರೆ ಮುಗಿಯಿತು. ಬಸ್ಸು ಈಗಾಗಲೇ ಇದೆ, ಊಟ ಇದೆ, ಎಂಜಿನಿಯರಿಂಗ್ ಕಾಲೇಜಿನ ಹುಡುಗರು ನಡೆದೇ ಇಂಟರ್ನ್‌ಶಿಪ್ಪಿಗೆ ಬರುತ್ತಾರೆ. ಟಿಳಕವಾಡಿಯ ರೈಲ್ವೆ ಗೇಟು ಬಿದ್ದಾಗ ಹತ್ತು ನಿಮಿಷ ಬೈಯುತ್ತ ನಿಲ್ಲಬೇಕು, ನಿಜ. ಹತ್ತು ಕಿಲೋಮೀಟರ್ ಹೋಗಿ ಬರುವುದಕ್ಕಿಂತ ಅದು ಕಡಿಮೆಯೇ. 1,500 ಆಗುವುದು ಖಾತ್ರಿ ಇಲ್ಲದಿದ್ದರೆ ಹೊಲ ಕೊಳ್ಳುವ ಮುಂಚೆ ಈ ದಾರಿಯ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ನಮ್ಮವರು ಹೊಲ ಕೊಂಡ ಮೇಲೆ ಬಂದಿದ್ದರು.

ಹಾಗಾದರೆ ಯಾರಿಗೆ ಯಾವುದು?

ಗುಟ್ಟಿನ ಕೆಲಸ, ವಿಶೇಷ ಆರ್ಥಿಕ ವಲಯದ ನಿಯಮ ಇದ್ದರೆ ವಾಡೆ. ಜಮೀನಿಗೆ ಹೆದ್ದಾರಿಯೊಂದೇ ದಾರಿ, ಹಳ್ಳಿ ರಸ್ತೆ ಇಲ್ಲವೇ ಇಲ್ಲ ಅಂದರೂ ವಾಡೆಯೇ. ಬೀದಿಯೇ ಇಲ್ಲದಲ್ಲಿ ಗಲ್ಲಿಯ ನಾಟಕ ಬೇಡ. ಹಿಂಬದಿಗೆ ಜೀವಂತ ರಸ್ತೆ ಇದ್ದು, ಜನ ಸ್ಕೂಟರಿಗೂ ಬಸ್ಸಿಗೂ ಬರುವವರಾಗಿದ್ದು, ಕಂಪನಿ ಹಂತ ಹಂತವಾಗಿ ಬೆಳೆಯುವುದಿದ್ದರೆ ಗಲ್ಲಿ. ಬಂಗ್ಲೆ ಯಾರಿಗೆ? ವಿದೇಶಿ ಅತಿಥಿಗಳು ವಾರಕ್ಕೊಮ್ಮೆ ಬರುವ, ಕೆಲಸದವರು ಕಡಿಮೆ ಇರುವ, ನೀರಿಗೆ ಕೊರತೆ ಇಲ್ಲದ ಮುಖ್ಯ ಕಚೇರಿಗೆ. ಅಂಥವು ನಮ್ಮ ಕಡೆ ಎಷ್ಟಿವೆಯೋ ನೀವೇ ಎಣಿಸಿ.

ಒಂದು ವಿಷಯದಲ್ಲಿ ಮಾತ್ರ ನಾಲ್ಕಕ್ಕೂ ವ್ಯತ್ಯಾಸವಿಲ್ಲ: ನೀರು ಹರಿಯುವ ದಾರಿ. ನಮ್ಮೂರ ಪಕ್ಕದ ಬಳ್ಳಾರಿ ನಾಲೆ ಎಂಬ ಹಳ್ಳ ಉಕ್ಕಿ ಶಹಾಪುರ, ಯಳ್ಳೂರ ಕಡೆಯ ಭತ್ತ ಮುಳುಗುವುದನ್ನು ನೋಡಿದವರಿಗೆ ಇದು ಗೊತ್ತು. 1,000 ಚದರ ಮೀಟರ್ ಚಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ಕೆಳಗಿಳಿಯುತ್ತದೆ. ನಮ್ಮ ಚಾವಣಿ ಅದರ ಐದು ಪಟ್ಟು, ಮೇಲೆ ಪಾರ್ಕಿಂಗ್ ಬೇರೆ. ಮೊದಲು ಹೊಲ ಕುಡಿಯುತ್ತಿದ್ದ ಈ ನೀರು ಇನ್ನು ಎಲ್ಲಿಗೆ ಹೋಗುತ್ತದೆ?

ಇದಕ್ಕೆ ಉತ್ತರ ಸರ್ವೆ ನಕ್ಷೆಯಲ್ಲಿ ಸಿಗಲಿಲ್ಲ. ಪಕ್ಕದ ಹೊಲದ ಅಜ್ಜ ಏಪ್ರಿಲಿನಲ್ಲಿ ನಮ್ಮ ಟೇಪು, ದುರ್ಬೀನು ನೋಡಿ ನಕ್ಕಿದ್ದರು. "ಈಗ ಏನ್ ಅಳೀತೀರ್ಯಪಾ, ಆಷಾಢದಾಗ ಬರ್ರಿ. ನೀರ ತಾನ ತೋರಸತದ." ಹೋದೆವು. ಮೊಣಕಾಲುದ್ದ ಕೆಸರಿನಲ್ಲಿ ಕೊಡೆ ಹಿಡಿದುಕೊಂಡು ಅಜ್ಜ ಮುಂದೆ, ಕಂಪನಿಯ ಹಿರಿಯರು ಪ್ಯಾಂಟು ಮಡಚಿಕೊಂಡು ಹಿಂದೆ. ಈಶಾನ್ಯದ ಮೂಲೆಯಲ್ಲಿ, ಹಳ್ಳಿ ರಸ್ತೆಯ ಮಗ್ಗುಲಿಗೆ, ನಮ್ಮ ನಾಲ್ಕನೆಯ ಪಟ್ಟಿ ಬರಬೇಕಾದ ಜಾಗದಲ್ಲಿ ಬಾಂದು ಒಡೆದು ನೀರು ಹರಿಯುತ್ತಿತ್ತು. ಅಲ್ಲಿ ಈಗ ನಕ್ಷೆಯಲ್ಲಿ ಅರ್ಧ ಎಕರೆಯ ಹೊಂಡ ಇದೆ, ನಾಲ್ಕನೆಯ ಪಟ್ಟಿ ದಕ್ಷಿಣಕ್ಕೆ ಸರಿದಿದೆ.

ವಾಪಸ್ ಬರುವಾಗ ಹಿರಿಯರು ಚಹಾದಂಗಡಿಯ ತಗಡಿನ ಕೆಳಗೆ ನಿಂತು, ಬಸ್ಸಿಗೆ ಕಾಯುತ್ತಿದ್ದ ಏಳೆಂಟು ಜನರ ಜೊತೆ ಮೈ ಒರೆಸಿಕೊಂಡರು. ಚಹಾ ಮುಗಿಯುವ ಹೊತ್ತಿಗೆ ಕೇಳಿದ್ದು ಕಟ್ಟಡದ ಬಗ್ಗೆ ಅಲ್ಲ. "ಅಲ್ರಿ, ಇಲ್ಲಿ ಒಂದು ಛಲೋ ಬಸ್ ಸ್ಟಾಪ್ ಕಟ್ಟಸಾಕ ಯಾರಿಗೆ ಅರ್ಜಿ ಕೊಡಬೇಕು?"